ಲೈನ್ ಬದಲಿಸುವ ಮೊದಲು ಲೋಡ್‌ನ ತಳ ನೋಡಿ

ರೋಲರ್ ಕನ್ವೇಯರ್‌ನಲ್ಲಿ, ಅಂದರೆ ಸಾಲಾಗಿ ಕೂರಿಸಿದ ಉರುಳೆಗಳ ಮೇಲೆ ಸರಕು ಸಾಗಿಸುವ ಲೈನ್‌ನಲ್ಲಿ, ನೇರ ಓಟ ದೊಡ್ಡ ವಿಷಯವೇ ಅಲ್ಲ. ರೋಲರ್‌ಗಳನ್ನು ಒಂದೇ ಮಟ್ಟಕ್ಕೆ ಕೂರಿಸಿ, ಮೋಟಾರ್ ಕೊಟ್ಟು, ಎರಡೂ ಬದಿಗೆ ಗೈಡ್ ಹಾಕಿದರೆ ಬಾಕ್ಸ್ ತನ್ನ ಪಾಡಿಗೆ ಹೋಗುತ್ತಿರುತ್ತದೆ. ಕಷ್ಟ ಶುರುವಾಗುವುದು ಆ ಬಾಕ್ಸ್ ಈ ಲೈನ್ ಬಿಟ್ಟು ಪಕ್ಕದ ಲೈನ್‌ಗೆ ಹೋಗಬೇಕಾದಾಗ. ಹಾಗೆ ದಾಟಿಸುವ ಜಾಗಕ್ಕೆ ಟ್ರಾನ್ಸ್‌ಫರ್ ಅನ್ನುತ್ತೇವೆ. ಪೀಣ್ಯದ ಸಣ್ಣ ಪ್ಯಾಕಿಂಗ್ ಯೂನಿಟ್ ಇರಲಿ, ನೆಲಮಂಗಲ ಅಥವಾ ಹೊಸಕೋಟೆ ಕಡೆಯ ದೊಡ್ಡ ಗೋದಾಮಿರಲಿ, ಲೈನ್ ನಿಂತಿದೆ ಅಂತ ಫೋನ್ ಬಂದರೆ ನಾನು ಮೊದಲು ಕೇಳುವುದು ಒಂದೇ ಪ್ರಶ್ನೆ: ಯಾವ ಟ್ರಾನ್ಸ್‌ಫರ್ ಹತ್ತಿರ? ನೇರ ಭಾಗದಲ್ಲಿ ನಿಂತಿದೆ ಅನ್ನುವ ಉತ್ತರ ಬರುವುದು ಅಪರೂಪ.

ಐಟಿಐ, ಡಿಪ್ಲೊಮಾ ಮುಗಿಸಿ ಈ ಕೆಲಸಕ್ಕೆ ಬರುವ ಹುಡುಗ ಹುಡುಗಿಯರು ಈಗ ಜಾಸ್ತಿ ಆಗಿದ್ದಾರೆ. ಪಿಎಲ್‌ಸಿ (ಲೈನ್ ನಡೆಸುವ ಕಂಟ್ರೋಲರ್) ಪ್ರೋಗ್ರಾಂ ಚೆನ್ನಾಗಿ ಬರೆಯುತ್ತಾರೆ, ಡ್ರಾಯಿಂಗ್ ಓದುತ್ತಾರೆ. ಆದರೆ ಲೈನ್ ಮೇಲೆ ಹೋಗುವ ಸರಕು, ಅಂದರೆ ಲೋಡ್, ಡ್ರಾಯಿಂಗ್‌ನಲ್ಲಿ ಒಂದು ಚೌಕ, ಅಷ್ಟೇ. ಅದಕ್ಕೆ ತಳವೇ ಇಲ್ಲ. ನನ್ನ ಪ್ರಕಾರ ಲೈನ್ ಬದಲಿಸುವ ಕೆಲಸದ ಮುಕ್ಕಾಲು ಪಾಲು ನಿರ್ಧಾರ ಆಗುವುದು ಆ ತಳದಲ್ಲೇ. ಯಾವ ಯಂತ್ರ ಹಾಕಬೇಕು, ಯಾವ ದಿಕ್ಕಿಗೆ ತಿರುಗಿಸಬಹುದು, ಎಷ್ಟು ಬೇಗ ತಿರುಗಿಸಬಹುದು ಎಲ್ಲವೂ ಅಲ್ಲಿಂದಲೇ ಬರುತ್ತವೆ. ಅದನ್ನು ಸ್ವಲ್ಪ ಬಿಡಿಸಿ ಹೇಳೋಣ ಅಂತ ಕೂತಿದ್ದೇನೆ.

ಮೊದಲು ಎಲ್ಲರಿಗೂ ಗೊತ್ತಿರುವ ಮೂರು ರೋಲರ್ ನಿಯಮ. ಲೋಡ್‌ನ ಕೆಳಗೆ ಯಾವಾಗಲೂ ಕನಿಷ್ಠ 3 ರೋಲರ್ ಇರಬೇಕು. 300 ಮಿ.ಮೀ. ಉದ್ದದ ಬಾಕ್ಸ್ ಆದರೆ ರೋಲರ್‌ನಿಂದ ರೋಲರ್‌ಗೆ 100 ಮಿ.ಮೀ.ಗಿಂತ ಜಾಸ್ತಿ ದೂರ ಇರುವಂತಿಲ್ಲ, 75 ಇದ್ದರೆ ಇನ್ನೂ ನೆಮ್ಮದಿ. ನೇರ ಲೈನ್‌ನಲ್ಲಿ ಎಲ್ಲರೂ ಇದನ್ನು ಪಾಲಿಸುತ್ತಾರೆ. ತಪ್ಪಿ ಹೋಗುವುದು ಟ್ರಾನ್ಸ್‌ಫರ್ ಇರುವ ಕಡೆ. ರೋಲರ್‌ಗಳ ನಡುವಿನಿಂದ ಮೇಲೆದ್ದು ಬಾಕ್ಸನ್ನು ಪಕ್ಕಕ್ಕೆ ಒಯ್ಯುವ ಪಾಪ್-ಅಪ್ ಬೆಲ್ಟ್ ಮೇಲೆ ಬರಬೇಕಾದರೆ ಅಲ್ಲಿ ಜಾಗ ಬೇಕು. ಹಾಗಾಗಿ ಅಲ್ಲಿ ರೋಲರ್‌ಗಳು ದೂರ ದೂರ ಆಗುತ್ತವೆ. ಎರಡು ಫ್ರೇಮ್ ಸೇರುವ ಕಡೆ ಇನ್ನೊಂದು ಸಂದು ಬೀಳುತ್ತದೆ. ದಿನಕ್ಕೆ ನೂರಾರು ದೊಡ್ಡ ಬಾಕ್ಸ್ ಸಲೀಸಾಗಿ ಹೋಗುತ್ತವೆ, ಆಮೇಲೆ ಒಂದು ಸಣ್ಣ ಬಾಕ್ಸ್ ಬಂದು ಆ ಸಂದಿನಲ್ಲಿ ಮೂತಿ ಹಾಕಿ ನಿಲ್ಲುತ್ತದೆ. ಅದಕ್ಕೇ ಹೊಸ ಲೈನ್ ಮಾತುಕತೆಗೆ ಕೂತಾಗ ಸರಾಸರಿ ಬಾಕ್ಸ್ ಎಷ್ಟು ಅಂತ ಕೇಳಬೇಡಿ, ಅತಿ ಚಿಕ್ಕದು ಯಾವುದು ಅಂತ ಕೇಳಿ. ಅದನ್ನು ಕೈಯಲ್ಲಿ ಹಿಡಿದು ಮಗುಚಿ ನೋಡಿ. ತಳದ ಟೇಪ್ ಸರಿಯಾಗಿ ಅಂಟಿದೆಯಾ, ಮಧ್ಯ ಜೋತು ಬಿದ್ದಿದೆಯಾ, ಸ್ಟ್ರ್ಯಾಪ್ ಇದ್ದರೆ ಅದರ ಗಂಟು ಕೆಳಗೆ ಬಂದಿದೆಯಾ.

ಮಳೆಗಾಲದಲ್ಲಂತೂ ಇದು ಇನ್ನೂ ಮುಖ್ಯ. ಕಾರ್ಡ್‌ಬೋರ್ಡ್ ಗಾಳಿಯ ತೇವ ಹೀರಿಕೊಂಡು ಮೆತ್ತಗಾಗುತ್ತದೆ. ಬೇಸಿಗೆಯಲ್ಲಿ ಹಲಗೆ ಹಾಗೆ ಗಟ್ಟಿಯಾಗಿದ್ದ ತಳ ಜುಲೈನಲ್ಲಿ ಹೊಟ್ಟೆ ಬಿಟ್ಟುಕೊಂಡು ಬರುತ್ತದೆ. ಮಂಗಳೂರು, ಉಡುಪಿ ಕಡೆ ಕೆಲಸ ಮಾಡುವವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಬಾಲ್ ಟ್ರಾನ್ಸ್‌ಫರ್ ಟೇಬಲ್ ಅಂತ ಇರುತ್ತದಲ್ಲ, ಸಣ್ಣ ಸಣ್ಣ ಸ್ಟೀಲ್ ಗುಂಡುಗಳ ಮೇಲೆ ಲೋಡನ್ನು ಯಾವ ಕಡೆಗೆ ಬೇಕಾದರೂ ಕೈಯಿಂದ ತಳ್ಳಬಹುದು. ಗಟ್ಟಿ ತಳದ ಪ್ಲಾಸ್ಟಿಕ್ ಕ್ರೇಟ್‌ಗೆ, ಲೋಹದ ತಟ್ಟೆಗೆ ಅದರಂಥ ಸುಲಭದ ಸಾಧನ ಇನ್ನೊಂದಿಲ್ಲ. ಮೆತ್ತಗಿನ ರಟ್ಟಿನ ಬಾಕ್ಸ್‌ಗೆ ಅದೇ ಗುಂಡುಗಳು ತಳದಲ್ಲಿ ಕುಳಿ ಮಾಡಿ ಹಿಡಿದು ನಿಲ್ಲಿಸಿಬಿಡುತ್ತವೆ.

ಈಗ ಪ್ಯಾಲೆಟ್‌ಗೆ, ಅಂದರೆ ಸರಕು ಪೇರಿಸಿಡುವ ಹಲಗೆ ಮಣೆಗೆ ಬರೋಣ. ನನಗೆ ಇಡೀ ವಿಷಯದಲ್ಲಿ ತುಂಬಾ ಇಷ್ಟವಾದ ಭಾಗ ಇದು. ಬಹಳ ಜನ ಹತ್ತಾರು ವರ್ಷ ಕೆಲಸ ಮಾಡಿಯೂ ಬಗ್ಗಿ ನೋಡಿರುವುದಿಲ್ಲ.

ಒಂಬತ್ತು ಕಾಲಿನ ಮರದ ಪ್ಯಾಲೆಟ್ ಒಂದನ್ನು ತಲೆಕೆಳಗು ಮಾಡಿ ನೆಲದ ಮೇಲಿಡಿ. ಯುರೋ ಪ್ಯಾಲೆಟ್ ಅಂದುಕೊಳ್ಳಿ, 1200 x 800 ಮಿ.ಮೀ. ಅಡಿಯಲ್ಲಿ ಮೂರು ಪಟ್ಟಿಗಳಿವೆ, ಮೂರೂ 1200ರ ಉದ್ದಕ್ಕೆ ಓಡುತ್ತವೆ. ಅಂಚಿನ ಎರಡು ಪಟ್ಟಿ 100 ಮಿ.ಮೀ. ಅಗಲ, ನಡುವಿನದು 145. ಪಟ್ಟಿಗಳ ನಡುವೆ ಏನೂ ಇಲ್ಲ, ಖಾಲಿ. ಅಂದರೆ ಈ ಪ್ಯಾಲೆಟ್‌ಗೆ ತಳ ಅಂತ ಇರುವುದು ಮೂರು ಗೆರೆ ಮಾತ್ರ. ಅದರ ಮೇಲೆ ಒಂದು ಟನ್ ಸರಕು ಕೂತಿರುತ್ತದೆ.

ಇದನ್ನು ರೋಲರ್ ಮೇಲೆ ಉದ್ದಕ್ಕೆ ಕಳಿಸಿ. ಪಟ್ಟಿ ಮುಂದಕ್ಕೆ ಚಾಚಿಕೊಂಡಿದೆ, ರೋಲರ್‌ಗಳು ಅದಕ್ಕೆ ಅಡ್ಡ. ಪ್ರತಿ ಪಟ್ಟಿಯ ಕೆಳಗೂ ಒಂದೇ ಸಮಯಕ್ಕೆ ಏಳೆಂಟು ರೋಲರ್. ಎಣ್ಣೆ ಹಚ್ಚಿದ ಹಾಗೆ ಹೋಗುತ್ತದೆ. ಅದೇ ಪ್ಯಾಲೆಟ್ಟನ್ನು ಅಡ್ಡ ತಿರುಗಿಸಿ ಅದೇ ರೋಲರ್ ಮೇಲೆ ಬಿಡಿ. ಈಗ ಪಟ್ಟಿಯೂ ರೋಲರೂ ಒಂದೇ ದಿಕ್ಕಿಗೆ ಮಲಗಿವೆ. ರೋಲರ್‌ಗಳ ನಡುವೆ 150 ಮಿ.ಮೀ. ಅಂತರ ಇದ್ದರೆ 100 ಮಿ.ಮೀ.ನ ಮುಂದಿನ ಪಟ್ಟಿ ಒಂದು ರೋಲರ್ ಬಿಟ್ಟು ಇನ್ನೊಂದನ್ನು ಮುಟ್ಟುವ ಮೊದಲು ಗಾಳಿಯಲ್ಲಿರುತ್ತದೆ. ಮೂತಿ ಕೆಳಗೆ ಬಾಗುತ್ತದೆ, ಮುಂದಿನ ರೋಲರ್‌ಗೆ ಢಿಕ್ಕಿ ಹೊಡೆಯುತ್ತದೆ, ಮತ್ತೆ ಏರುತ್ತದೆ. ಪಕ್ಕದಲ್ಲಿ ನಿಂತರೆ ಟಕ್ ಟಕ್ ಅಂತ ಶಬ್ದ ಕೇಳುತ್ತದೆ, ಮೇಲಿನ ಸರಕು ಅಲುಗುವುದು ಕಾಣುತ್ತದೆ. ಹಲಗೆ ಸ್ವಲ್ಪ ಸೀಳಿದ್ದರೆ ಅಲ್ಲೇ ಸಿಕ್ಕಿಕೊಂಡಿತು ಅಂತಲೇ ಲೆಕ್ಕ.

ರೋಲರ್ ಬದಲು ಚೈನ್ ಮೇಲೆ ಲೋಡ್ ಸಾಗಿಸುವ ಕನ್ವೇಯರ್‌ಗೆ ಇದರ ಉಲ್ಟಾ. ಚೈನ್ ಎರಡು ಅಥವಾ ಮೂರು ಎಳೆಯಲ್ಲಿ ಓಡುತ್ತದೆ. ಪಟ್ಟಿ ಆ ಎಳೆಗಳಿಗೆ ಅಡ್ಡ ಇದ್ದರೆ ಮಾತ್ರ ಎಲ್ಲ ಎಳೆಗಳ ಮೇಲೂ ಕೂರುತ್ತದೆ. ಪಟ್ಟಿಯೂ ಚೈನೂ ಒಂದೇ ದಿಕ್ಕಿಗೆ ಇದ್ದರೆ ಚೈನ್ ಹೋಗಿ ಪಟ್ಟಿಗಳ ನಡುವಿನ ಖಾಲಿ ಜಾಗಕ್ಕೆ ಬರಬಹುದು, ಆಗ ಪ್ಯಾಲೆಟ್ ಕೂರಲು ಏನೂ ಇರುವುದಿಲ್ಲ.

ಈ ಎರಡನ್ನೂ ಒಟ್ಟಿಗೆ ಇಟ್ಟು ನೋಡಿ, ಎಷ್ಟು ಚೆನ್ನಾಗಿ ಹೊಂದಿಕೊಳ್ಳುತ್ತದೆ! ರೋಲರ್ ಲೈನ್‌ನಲ್ಲಿ ಉದ್ದಕ್ಕೆ ಬಂದ ಪ್ಯಾಲೆಟ್ ನಿಲ್ಲುತ್ತದೆ. ರೋಲರ್‌ಗಳ ನಡುವಿನಿಂದ ಚೈನ್‌ಗಳು ಮೇಲೆದ್ದು ಅದನ್ನು ಎತ್ತುತ್ತವೆ. ಪ್ಯಾಲೆಟ್ ತಿರುಗಲಿಲ್ಲ, ಅದರ ಮುಖ ಮೊದಲಿನ ಕಡೆಗೇ ಇದೆ, ಹೋಗುವ ದಿಕ್ಕು ಮಾತ್ರ ಬದಲಾಯಿತು. ರೋಲರ್‌ಗೆ ಸರಿಯಾಗಿದ್ದ ಪಟ್ಟಿ ಈಗ ತಾನಾಗೇ ಚೈನ್‌ಗೂ ಸರಿಯಾಗಿದೆ. ಅಡ್ಡ ಹೋಗಿ ಪಕ್ಕದ ಸಮಾನಾಂತರ ಲೈನ್ ತಲುಪಿದ ಮೇಲೆ ಚೈನ್ ಕೆಳಗಿಳಿಯುತ್ತದೆ, ಪ್ಯಾಲೆಟ್ ಮತ್ತೆ ರೋಲರ್ ಮೇಲೆ, ಮತ್ತೆ ಉದ್ದಕ್ಕೆ. ರೋಲರ್, ಚೈನ್, ರೋಲರ್. ಪ್ಯಾಲೆಟ್‌ನ ಲೈನ್ ಬದಲಿಸಲು ಇದಕ್ಕಿಂತ ನಂಬಿಕೆಯ ದಾರಿ ನಾನು ನೋಡಿಲ್ಲ.

ಸಿಕ್ಕಿಕೊಳ್ಳುವುದು ಎಲ್ಲಿ ಅಂದರೆ, 90 ಡಿಗ್ರಿ ತಿರುವಾದ ಮೇಲೂ ರೋಲರ್ ಲೈನ್ ಹಾಗೇ ಮುಂದುವರಿಯುತ್ತದೆ ಅಂತ ಲೇಔಟ್ ಹಾಕಿದಾಗ. ಕಾಗದದ ಮೇಲೆ ತುಂಬಾ ಅಚ್ಚುಕಟ್ಟಾಗಿ ಕಾಣುತ್ತದೆ. ಆದರೆ ಆ ಎರಡನೇ ಲೈನ್‌ನಲ್ಲಿ ಪಟ್ಟಿ ರೋಲರ್‌ಗೆ ಸಮಾನಾಂತರ ಆಗಿಬಿಡುತ್ತದೆ. ಅಲ್ಲಿ ಟರ್ನ್‌ಟೇಬಲ್ ಹಾಕಿ ಲೋಡನ್ನೇ ತಿರುಗಿಸಬೇಕು, ಇಲ್ಲವೇ ಎರಡನೇ ಲೈನನ್ನು ಚೈನ್ ಲೈನ್ ಮಾಡಬೇಕು. ಇನ್ನೊಂದು ದಾರಿ ರೋಲರ್‌ಗಳನ್ನು ತೀರಾ ಹತ್ತಿರ ಹತ್ತಿರ ಹಾಕುವುದು, ಅದಕ್ಕೆ ದುಡ್ಡು ಸುರಿಯಬೇಕು. ನಮ್ಮ ಕಡೆ 1200 x 1000 ಪ್ಯಾಲೆಟ್ ಜಾಸ್ತಿ ಓಡಾಡುತ್ತದೆ, ಅದರಲ್ಲೂ ಅಡಿ ಹಲಗೆ ಹೊಡೆಯುವ ರೀತಿ ಒಬ್ಬೊಬ್ಬ ಬಡಗಿಯದು ಒಂದೊಂದು ಥರ. ಹೊರಗಿನಿಂದ ಒಂದೇ ಅಳತೆ, ಮಗುಚಿದರೆ ಬೇರೆ ಬೇರೆ. ಸಪ್ಲೈಯರ್ ಬದಲಾದ ವಾರವೇ ಟ್ರಾನ್ಸ್‌ಫರ್ ಜಾಮ್ ಆಗಲು ಶುರುವಾದರೆ ಪ್ರೋಗ್ರಾಂ ತೆರೆಯುವ ಮೊದಲು ಒಂದು ಪ್ಯಾಲೆಟ್ ಮಗುಚಿ ನೋಡಿ. ಎದ್ದ ಮೊಳೆ, ಸೀಳಿದ ಹಲಗೆ, ಎಲ್ಲ ಅಲ್ಲೇ ಸಿಗುತ್ತವೆ.

ಬಾಕ್ಸ್‌ಗಳಿಗೆ ಆಯ್ಕೆ ಜಾಸ್ತಿ. ಪುಷರ್ ಇದೆ, ಪಕ್ಕದಿಂದ ಒಂದು ತಟ್ಟೆ ಬಂದು ತಳ್ಳುತ್ತದೆ. ಅಗ್ಗ, ಗಟ್ಟಿಮುಟ್ಟು, ನಿಧಾನ. ಎತ್ತರದ ಬಾಕ್ಸನ್ನು ತೀರಾ ಕೆಳಗೆ ತಳ್ಳಿದರೆ ಹಿಂದಕ್ಕೆ ವಾಲುತ್ತದೆ, ತೀರಾ ಮೇಲೆ ತಳ್ಳಿದರೆ ಮುಂದಕ್ಕೆ. ತಟ್ಟೆ ವಾಪಸ್ ಬರುವವರೆಗೆ ಹಿಂದಿನ ಬಾಕ್ಸನ್ನು ತಡೆದು ನಿಲ್ಲಿಸಬೇಕು. ಬಾಗಿಲಿನ ಹಾಗೆ ತೆರೆದು ದಾರಿ ತಿರುಗಿಸುವ ಸ್ವಿಂಗ್ ಆರ್ಮ್ ಇದೆ. ದೊಡ್ಡ ಪಾರ್ಸೆಲ್ ಕೇಂದ್ರಗಳಲ್ಲಿ ಸ್ಲೈಡಿಂಗ್ ಶೂ ಸಾರ್ಟರ್ ಇರುತ್ತದೆ, ಅದು ಬೇರೆಯದೇ ಲೋಕ, ಅದರ ಬಗ್ಗೆ ಇಲ್ಲಿ ಬೇಡ. ನಾವು ದಿನಾ ಕೈ ಹಾಕುವುದು ಪಾಪ್-ಅಪ್ ಬೆಲ್ಟ್ ಮತ್ತು ಪಾಪ್-ಅಪ್ ವೀಲ್‌ಗೆ.

ಪಾಪ್-ಅಪ್ ಬೆಲ್ಟ್ 90 ಡಿಗ್ರಿಗೆ ತಿರುಗಿಸುತ್ತದೆ, ಹಾಗಾಗಿ ಬಾಕ್ಸ್ ಪೂರ್ತಿ ನಿಲ್ಲಬೇಕು. ಇಲ್ಲಿ ಒಂದು ಸಣ್ಣ ಲೆಕ್ಕ ಮಾಡಿ ನೋಡಿ. ಲೈನ್ ವೇಗ ಸೆಕೆಂಡಿಗೆ 0.5 ಮೀಟರ್, ಬಾಕ್ಸ್ 400 ಮಿ.ಮೀ., ನಡುವೆ 200 ಮಿ.ಮೀ. ಗ್ಯಾಪ್. ನೇರ ಹೋದರೆ 1.2 ಸೆಕೆಂಡಿಗೆ ಒಂದು ಬಾಕ್ಸ್, ನಿಮಿಷಕ್ಕೆ 50. ಅದೇ ಬಾಕ್ಸ್ ಅಡ್ಡ ಹೋಗಬೇಕಾದರೆ ಒಳಗೆ ಬರಲು 1.2 ಸೆಕೆಂಡ್, ನಿಂತು ಮೇಲೇಳಲು ಅರ್ಧ ಸೆಕೆಂಡ್, ಹೊರಗೆ ಹೋಗಲು ಮತ್ತೆ 1.2, ಕೆಳಗಿಳಿಯಲು 0.4. ಒಟ್ಟು 3.3 ಸೆಕೆಂಡ್. ನಿಮಿಷಕ್ಕೆ 18 ಬಾಕ್ಸ್! ಮೂರರಲ್ಲಿ ಒಂದು ಬಾಕ್ಸ್ ಮಾತ್ರ ತಿರುಗುತ್ತದೆ ಅಂದರೂ ಮೂರು ಬಾಕ್ಸ್‌ಗೆ 5.7 ಸೆಕೆಂಡ್ ಬೇಕು, ಅಂದರೆ ನಿಮಿಷಕ್ಕೆ 31ರ ಹತ್ತಿರ. ಲೈನ್ 50 ಕೊಡುತ್ತದೆ ಅಂತ ಒಪ್ಪಂದದಲ್ಲಿ ಬರೆದು, ಮಧ್ಯೆ ಒಂದು ಪಾಪ್-ಅಪ್ ಕೂರಿಸಿ, ಆಮೇಲೆ ಯಾಕೆ ಬರುತ್ತಿಲ್ಲ ಅಂತ ಮೋಟಾರ್ ವೇಗ ಏರಿಸುತ್ತಾ ಕೂರುವುದನ್ನು ಕಂಡರೆ ಸಂಕಟ ಆಗುತ್ತದೆ. ವೇಗ ಏರಿಸಿದರೆ ಬಾಕ್ಸ್ ನಿಲ್ಲುವ ಜಾಗ ತಪ್ಪುತ್ತದೆ, ಓರೆಯಾಗಿ ಹೊರಗೆ ಬರುತ್ತದೆ, ಜಾಮ್ ಜಾಸ್ತಿ ಆಗುತ್ತದೆ. ಪ್ಯಾಲೆಟ್‌ಗೆ ಇದೇ ಲೆಕ್ಕ ಹಾಕಿ. ಸೆಕೆಂಡಿಗೆ 0.2 ಮೀಟರ್, 1.4 ಮೀಟರ್ ಓಟ, ಒಳಗೆ 7, ಏಳಲು 3, ಹೊರಗೆ 7, ಇಳಿಯಲು 3. ಇಪ್ಪತ್ತು ಸೆಕೆಂಡ್. ಗಂಟೆಗೆ 180 ಪ್ಯಾಲೆಟ್. ಅದಕ್ಕಿಂತ ಜಾಸ್ತಿ ಬೇಕಾದರೆ ಎರಡನೇ ಟ್ರಾನ್ಸ್‌ಫರ್ ಹಾಕಬೇಕು, ಬೇರೆ ದಾರಿ ಇಲ್ಲ.

ನಿಲ್ಲಿಸದೆ ತಿರುಗಿಸಬೇಕು ಅಂದರೆ ಪಾಪ್-ಅಪ್ ವೀಲ್. ಸಣ್ಣ ಚಕ್ರಗಳ ಸಾಲು ಮೇಲೆ ಬಂದು ಬಾಕ್ಸನ್ನು 30 ಅಥವಾ 45 ಡಿಗ್ರಿ ಕೋನದಲ್ಲಿ ಪಕ್ಕದ ಕವಲಿಗೆ ಎಳೆದುಕೊಂಡು ಹೋಗುತ್ತದೆ. ಇದರಲ್ಲಿ ಒಂದು ಸೂಕ್ಷ್ಮ ಇದೆ. ಮುಖ್ಯ ಲೈನ್ ಸೆಕೆಂಡಿಗೆ 0.5 ಮೀಟರ್ ಓಡುತ್ತಿದ್ದು ಕವಲೂ ಅಷ್ಟೇ ಓಡಿದರೆ, 45 ಡಿಗ್ರಿ ತಿರುಗಿದ ಬಾಕ್ಸ್ ಮುಂದಕ್ಕೆ ಹೋಗುವ ವೇಗ ಕಡಿಮೆ ಆಗುತ್ತದೆ, ಹಿಂದಿನದು ಬಂದು ಗುದ್ದುತ್ತದೆ. ಮುಂದಕ್ಕೆ ಅದೇ 0.5 ಉಳಿಯಬೇಕಾದರೆ ಚಕ್ರ ಮತ್ತು ಕವಲು ಸುಮಾರು 0.71ರಲ್ಲಿ ಓಡಬೇಕು. ಎಷ್ಟೋ ಕಡೆ ವೇಗದ ಈ ಒಂದು ಸೆಟ್ಟಿಂಗ್ ಸರಿ ಮಾಡಿದರೆ ಸಾಕು, ಗುದ್ದಾಟ ನಿಂತುಹೋಗುತ್ತದೆ. ಆದರೆ ಇಲ್ಲೂ ತಳದ ಮಾತು ಬಂದೇ ಬರುತ್ತದೆ. ಚಕ್ರ ಹಿಡಿಯುವುದು ಘರ್ಷಣೆಯಿಂದ. ನುಣುಪಾದ ಪ್ಲಾಸ್ಟಿಕ್ ತಳದ ಕ್ರೇಟ್ ಜಾರುತ್ತದೆ, ಧೂಳು ಹಿಡಿದ ಚಕ್ರ ಇನ್ನೂ ಜಾರುತ್ತದೆ. ವಾರಕ್ಕೊಮ್ಮೆ ಒದ್ದೆ ಬಟ್ಟೆಯಲ್ಲಿ ಚಕ್ರ ಒರೆಸುವ ಕೆಲಸವನ್ನು ಮೇಂಟೆನೆನ್ಸ್ ಪಟ್ಟಿಗೆ ಸೇರಿಸಿ, ದಯವಿಟ್ಟು.

ಮಟ್ಟದ ಬಗ್ಗೆ ಒಂದು ಮಾತು. ಪಾಪ್-ಅಪ್ ಬಾಕ್ಸನ್ನು ರೋಲರ್‌ಗಿಂತ ಸ್ವಲ್ಪ ಮೇಲಕ್ಕೆ ಎತ್ತಿ ಕಳಿಸುತ್ತದೆ, ಅಲ್ವಾ? ಹಾಗಾಗಿ ತೆಗೆದುಕೊಳ್ಳುವ ಲೈನ್‌ನ ಎತ್ತರವನ್ನು ಮುಖ್ಯ ಲೈನ್‌ಗೆ ಹೋಲಿಸಿ ಇಡಬಾರದು, ಎದ್ದು ನಿಂತ ಬೆಲ್ಟ್‌ಗೆ ಹೋಲಿಸಿ ಇಡಬೇಕು. ಕೊಡುವ ಕಡೆ ಒಂದೆರಡು ಮಿ.ಮೀ. ಮೇಲಿದ್ದರೆ ಬಾಕ್ಸ್ ಸಲೀಸಾಗಿ ಇಳಿಯುತ್ತದೆ. ತೆಗೆದುಕೊಳ್ಳುವ ಕಡೆ ಮೇಲಿದ್ದರೆ ಮೂತಿ ಮೊದಲ ರೋಲರ್‌ಗೆ ತಗಲುತ್ತದೆ. ತಳದ ಫ್ಲ್ಯಾಪ್ ಸ್ವಲ್ಪ ಬಿಚ್ಚಿದ್ದರಂತೂ ಮುಗಿಯಿತು.

ಯಂತ್ರದ ಕಥೆ ಇಷ್ಟು. ಇನ್ನು ಕೊಟ್ಟು ತೆಗೆದುಕೊಳ್ಳುವ ಕಥೆ. ಈಗಿನ ಬಾಕ್ಸ್ ಲೈನ್‌ಗಳಲ್ಲಿ 24 ವೋಲ್ಟ್ ಮೋಟಾರ್ ರೋಲರ್‌ಗಳು ಸಾಮಾನ್ಯ. ಲೈನನ್ನು ಸಣ್ಣ ಸಣ್ಣ ಝೋನ್ ಮಾಡಿರುತ್ತಾರೆ, ಒಂದೊಂದು ಝೋನ್‌ಗೆ ಒಂದು ಮೋಟಾರ್ ರೋಲರ್, ಅದರಿಂದ ಅಕ್ಕಪಕ್ಕದ ರೋಲರ್‌ಗಳಿಗೆ ಬೆಲ್ಟ್, ಒಂದು ಸೆನ್ಸರ್. ಮುಂದಿನ ಝೋನ್ ಖಾಲಿ ಇದ್ದರೆ ಕಳಿಸು, ಇಲ್ಲದಿದ್ದರೆ ನಿಲ್ಲಿಸು. ನೇರ ಲೈನ್‌ಗೆ ಇಷ್ಟು ಸಾಕು. ಟ್ರಾನ್ಸ್‌ಫರ್‌ಗೆ ಸಾಲದು. ಕಟ್ಟಡದ ಕೆಲಸದಲ್ಲಿ ಸಾಲಾಗಿ ನಿಂತು ಇಟ್ಟಿಗೆ ದಾಟಿಸುವವರನ್ನು ನೋಡಿದ್ದೀರಲ್ಲ, ತೆಗೆದುಕೊಳ್ಳುವವನ ಕೈ ಇಟ್ಟಿಗೆ ಹಿಡಿಯುವವರೆಗೆ ಕೊಡುವವನು ಬಿಡುವುದಿಲ್ಲ. ಟ್ರಾನ್ಸ್‌ಫರ್ ಲಾಜಿಕ್ ಅಂದರೆ ಅದೇ. ಕೊಡುವ ಝೋನ್ ಹೇಳಬೇಕು: ನನ್ನ ಹತ್ತಿರ ಲೋಡ್ ಇದೆ, ನಿಂತಿದೆ. ತೆಗೆದುಕೊಳ್ಳುವ ಝೋನ್ ಹೇಳಬೇಕು: ನಾನು ಖಾಲಿ, ಓಡುತ್ತಿದ್ದೇನೆ. ಬೆಲ್ಟ್ ಪೂರ್ತಿ ಮೇಲಿದೆ ಅಂತ ಪ್ರಾಕ್ಸಿಮಿಟಿ ಸೆನ್ಸರ್ (ಹತ್ತಿರ ಬಂದ ಭಾಗವನ್ನು ಮುಟ್ಟದೆ ಗುರುತಿಸುವ ಸೆನ್ಸರ್) ಹೇಳಬೇಕು. ಈ ಮೂರೂ ಬಂದ ಮೇಲೇ ಬೆಲ್ಟ್ ತಿರುಗಬೇಕು. ಲೋಡ್ ಆಚೆ ಸೆನ್ಸರ್ ಮುಟ್ಟಿ, ಈಚೆ ಸೆನ್ಸರ್ ಪೂರ್ತಿ ಬಿಟ್ಟ ಮೇಲೇ ಬೆಲ್ಟ್ ಕೆಳಗಿಳಿಯಬೇಕು. ಇಳಿದಿದೆ ಅಂತ ಕೆಳಗಿನ ಸೆನ್ಸರ್ ಹೇಳಿದ ಮೇಲೇ ಹಿಂದಿನ ಬಾಕ್ಸ್ ಒಳಗೆ ಬರಬೇಕು.

ಸುಮ್ನೆ ಟೈಮರ್ ಹಾಕಿ ನಡೆಸುವುದನ್ನು ಬಹಳ ಕಡೆ ನೋಡಿದ್ದೇನೆ. ಬೆಲ್ಟನ್ನು ಎತ್ತುವ ಗಾಳಿ ಸಿಲಿಂಡರ್ ಅರ್ಧ ಸೆಕೆಂಡಿಗೆ ಏಳುತ್ತದೆ ಅಂತ ಟೈಮರ್ ನಂಬುತ್ತದೆ. ಬೆಳಿಗ್ಗೆ ಗಾಳಿಯ ಒತ್ತಡ 6 ಬಾರ್ ಇದ್ದಾಗ ಏಳುತ್ತದೆ ಕೂಡ. ಮಧ್ಯಾಹ್ನ ಪಕ್ಕದ ಶೆಡ್‌ನಲ್ಲಿ ಯಾರೋ ಏರ್ ಗನ್ ಹಿಡಿದು ಯಂತ್ರ ಸ್ವಚ್ಛ ಮಾಡಲು ನಿಂತರೆ ಒತ್ತಡ ಬೀಳುತ್ತದೆ, ಸಿಲಿಂಡರ್ ನಿಧಾನ ಆಗುತ್ತದೆ, ಅರ್ಧ ಎದ್ದ ಬೆಲ್ಟ್ ಮೇಲೆ ಬಾಕ್ಸ್ ಓರೆಯಾಗುತ್ತದೆ. ಎರಡು ಪ್ರಾಕ್ಸಿಮಿಟಿ ಸೆನ್ಸರ್‌ಗೆ ಆಗುವ ಖರ್ಚು ಒಂದು ಜಾಮ್‌ನಲ್ಲಿ ಹೋಗುವ ಹೊತ್ತಿಗಿಂತ ಕಡಿಮೆ. ಟೈಮರ್ ಬೇಕಾಗಿರುವುದು ಇನ್ನೊಂದಕ್ಕೆ: ಇಷ್ಟು ಹೊತ್ತಾದರೂ ಲೋಡ್ ಆಚೆ ತಲುಪಲಿಲ್ಲ ಅಂದರೆ ಜಾಮ್ ಅಂತ ಕೂಗಿ ಮೋಟಾರ್ ನಿಲ್ಲಿಸಲು.

ಸೆನ್ಸರ್ ಎಲ್ಲಿ ಕೂರಿಸುತ್ತೀರಿ ಅನ್ನುವುದೂ ತಳದ ಪ್ರಶ್ನೆಯೇ. ಆ ಯುರೋ ಪ್ಯಾಲೆಟ್ಟನ್ನೇ ಪಕ್ಕದಿಂದ ನೋಡಿ. ಒಂದು ಕಾಲಿಗೂ ಮುಂದಿನ ಕಾಲಿಗೂ ನಡುವೆ ಸುಮಾರು 380 ಮಿ.ಮೀ. ಖಾಲಿ. ಫೋಟೋ ಸೆನ್ಸರನ್ನು ಕಾಲಿನ ಎತ್ತರಕ್ಕೆ ಇಟ್ಟರೆ ಅದಕ್ಕೆ ಕಾಣುವುದು: ಲೋಡ್ ಬಂತು, ಹೋಯಿತು, ಬಂತು, ಹೋಯಿತು, ಬಂತು, ಹೋಯಿತು. ಸೆಕೆಂಡಿಗೆ 0.2 ಮೀಟರ್ ವೇಗದಲ್ಲಿ ಆ ಖಾಲಿ ಜಾಗ ದಾಟಲು 1.9 ಸೆಕೆಂಡ್ ಬೇಕು. ಅಷ್ಟು ಹೊತ್ತು ಖಾಲಿ ಕಂಡರೆ ಯಾವ ಪ್ರೋಗ್ರಾಂ ಆದರೂ ಲೋಡ್ ಹೋಯಿತು ಅಂತಲೇ ತಿಳಿಯುತ್ತದೆ, ಚೈನ್ ಇಳಿಸುತ್ತದೆ, ಲೋಡ್ ಇನ್ನೂ ಮಧ್ಯದಲ್ಲೇ ಇರುತ್ತದೆ. ಎರಡು ಸೆಕೆಂಡ್ ಖಾಲಿ ಕಂಡ ಮೇಲೇ ನಂಬು ಅಂತ ಪ್ರೋಗ್ರಾಂನಲ್ಲಿ ಫಿಲ್ಟರ್ ಹಾಕಿ ಇದನ್ನು ಮುಚ್ಚಬಹುದು, ಆದರೆ ಪ್ರತಿ ಸೈಕಲ್‌ಗೂ ಆ ಎರಡು ಸೆಕೆಂಡ್ ತೆತ್ತುಕೊಂಡೇ ಇರಬೇಕು. ಸೆನ್ಸರನ್ನು ಪ್ಯಾಲೆಟ್‌ನ ಮೇಲು ಹಲಗೆಯ ಎತ್ತರಕ್ಕೆ ಏರಿಸಿದರೆ ಅಲ್ಲಿ 1200 ಮಿ.ಮೀ. ಉದ್ದಕ್ಕೂ ಮರ ಇದೆ, ಎಲ್ಲೂ ಖಾಲಿ ಇಲ್ಲ. ಬ್ರಾಕೆಟ್ ಬಿಚ್ಚಿ ಒಂದಷ್ಟು ಮೇಲೆ ಕೂರಿಸಿದರೆ ಆಯಿತು. ಸ್ಟ್ರೆಚ್ ಫಿಲ್ಮ್ ಸುತ್ತಿದ ಲೋಡ್ ಆದರೆ ಇನ್ನೊಂದು ತೊಂದರೆ: ಹೊಳೆಯುವ ಫಿಲ್ಮ್ ಬೆಳಕನ್ನು ವಾಪಸ್ ಕಳಿಸಿ, ಎದುರಿನ ರಿಫ್ಲೆಕ್ಟರೇ ಕಾಣುತ್ತಿದೆ ಅಂತ ಸೆನ್ಸರನ್ನು ನಂಬಿಸಿಬಿಡುತ್ತದೆ. ಅಲ್ಲಿ ಸೆನ್ಸರನ್ನು ಸ್ವಲ್ಪ ಓರೆ ಕೂರಿಸಬೇಕು. ಫಿಲ್ಮ್‌ನ ಬಾಲ ಹೊರಗೆ ಹಾರಾಡುತ್ತಿದ್ದರೆ ರ‍್ಯಾಪಿಂಗ್ ಯಂತ್ರದ ಕಡೆ ಹೋಗಿ ಅದನ್ನು ಸರಿ ಮಾಡಿಸಿ.

ಎರಡು ಲೈನ್ ಸೇರಿ ಒಂದಾಗುವ ಕಡೆ ಪ್ರಶ್ನೆ ಬೇರೆ, ಯಾರು ಮೊದಲು ಅನ್ನುವುದು. ಮುಖ್ಯ ಲೈನ್‌ಗೆ ಯಾವಾಗಲೂ ಆದ್ಯತೆ ಅಂದರೆ ಪಕ್ಕದ ಲೈನ್ ಹಿಂದಕ್ಕೆ ತುಂಬಿಕೊಂಡು ಪ್ಯಾಕಿಂಗ್‌ವರೆಗೂ ನಿಂತುಹೋಗುತ್ತದೆ. ಪಕ್ಕದ್ದು ಇಷ್ಟು ಸೆಕೆಂಡ್ ಕಾದಿದ್ದರೆ ಈಗ ಅದರ ಸರದಿ ಅಂತ ಒಂದು ಮಿತಿ ಹಾಕಿಬಿಡಿ. ಸೇರಿದ ಮೇಲಿನ ಲೈನ್ ಸ್ವಲ್ಪ ಜೋರಾಗಿ ಓಡಲಿ, ಆಗ ಬಾಕ್ಸ್‌ಗಳ ನಡುವೆ ತಾನಾಗೇ ಗ್ಯಾಪ್ ಬೀಳುತ್ತದೆ.

ಸುತ್ತು ಲೈನ್ ಇದ್ದರೆ ಒಂದು ವಿಷಯಕ್ಕೆ ತುಂಬಾ ಎಚ್ಚರ ಇರಬೇಕು. ಎಲ್ಲ ಝೋನ್ ತುಂಬಿಕೊಂಡರೆ ಒಂದನೇದು ಎರಡನೇದಕ್ಕೆ ಕಾಯುತ್ತದೆ, ಎರಡನೇದು ಮೂರನೇದಕ್ಕೆ, ಕೊನೆಯದು ಮತ್ತೆ ಒಂದನೇದಕ್ಕೆ. ಯಾವುದೂ ಕೆಟ್ಟಿಲ್ಲ, ಒಂದು ಅಲಾರಂ ಕೂಡ ಇಲ್ಲ, ಎಲ್ಲ ದೀಪವೂ ಹಸಿರು, ಆದರೂ ಏನೂ ಅಲುಗುವುದಿಲ್ಲ. ಹೊರಗಿನಿಂದ ಸುತ್ತಿನೊಳಗೆ ಬಿಡುವ ಕಡೆ ಎಣಿಕೆ ಇಟ್ಟು, ಕೊನೆಯ ಖಾಲಿ ಜಾಗಗಳನ್ನು ಎಂದೂ ತುಂಬಲು ಬಿಡಬಾರದು. ಮ್ಯಾನೇಜರ್ ಬಂದು ಇಷ್ಟು ಜಾಗ ಸುಮ್ನೆ ಖಾಲಿ ಬಿಟ್ಟಿದ್ದೀರಲ್ಲ ಅಂತ ಕೇಳಿದರೆ, ಆ ಖಾಲಿ ಜಾಗದಿಂದಲೇ ಉಳಿದದ್ದೆಲ್ಲ ಓಡುತ್ತಿದೆ ಅಂತ ತೋರಿಸಿ ಹೇಳಿ.

ಓರೆಯಾಗಿ ಹೊರಬರುವ ಬಾಕ್ಸ್ ಬಗ್ಗೆ ಬಹಳ ಜನ ಕೇಳುತ್ತಾರೆ. ನಾನು ಮಾಡುವುದು ಹೀಗೆ. ಪಾಪ್-ಅಪ್ ಎದುರು ಬೇಲಿಯ ಹೊರಗೆ ನಿಂತು ಹತ್ತಿಪ್ಪತ್ತು ಬಾಕ್ಸ್ ಸುಮ್ಮನೆ ನೋಡುತ್ತೇನೆ. ಓರೆ ಎಲ್ಲವೂ ಒಂದೇ ಕಡೆಗೆ ಇದೆಯಾ, ಒಮ್ಮೆ ಆ ಕಡೆ ಒಮ್ಮೆ ಈ ಕಡೆ ಇದೆಯಾ? ಎಲ್ಲವೂ ಒಂದೇ ಕಡೆಗೆ ಓರೆ, ಅದೂ ಎಡಗಡೆ ಹಿಂದೆ ಬೀಳುತ್ತಿದೆ ಅಂದರೆ ಎಡಗಡೆಯ ಬೆಲ್ಟ್ ಜಾರುತ್ತಿದೆ ಅಂತ ಅರ್ಥ. ಯಂತ್ರ ನಿಲ್ಲಿಸಿ, ಲಾಕ್ ಹಾಕಿ, ಆ ಬೆಲ್ಟನ್ನು ಬೆರಳಿನಿಂದ ಒತ್ತಿ ನೋಡಿದರೆ ಉಳಿದವುಗಳಿಗಿಂತ ಸಡಿಲ ಇರುತ್ತದೆ, ಮೇಲ್ಮೈ ನುಣುಪಾಗಿ ಹೊಳೆಯುತ್ತಿರುತ್ತದೆ. ಒಂದೇ ಬದಲಿಸಬೇಡಿ, ಎಲ್ಲವನ್ನೂ ಒಟ್ಟಿಗೆ ಬದಲಿಸಿ. ಹೊಸ ಬೆಲ್ಟ್ ಪಕ್ಕದಲ್ಲಿ ಹಳೆಯ ಬೆಲ್ಟ್ ಇದ್ದರೆ ಅದೇ ಓರೆ ಇನ್ನೊಂದು ಕಡೆಗೆ ಶುರುವಾಗುತ್ತದೆ. ಓರೆ ಎರಡೂ ಕಡೆಗೆ ಬರುತ್ತಿದ್ದರೆ ಬೆಲ್ಟ್‌ನ ದೋಷ ಅಲ್ಲ. ಬಾಕ್ಸ್ ನಿಲ್ಲುವ ಜಾಗ ಬದಲಾಗುತ್ತಿದೆ, ಸ್ಟಾಪರ್ ಅಥವಾ ಬ್ರೇಕ್ ಕಡೆ ಹೋಗಿ. ತೀರಾ ಭಾರದ್ದೂ ತೀರಾ ಹಗುರದ್ದೂ ಒಂದೇ ಲೈನ್‌ನಲ್ಲಿ ಬಂದರೆ ಇದು ಆಗೇ ಆಗುತ್ತದೆ. ಭಾರದ್ದು ಮುಂದೆ ಜಾರಿ ನಿಲ್ಲುತ್ತದೆ, ಹಗುರದ್ದು ಸ್ಟಾಪರ್‌ಗೆ ತಗುಲಿ ಹಿಂದಕ್ಕೆ ಪುಟಿಯುತ್ತದೆ.

ಹಲವು ಸಮಾನಾಂತರ ಲೈನ್‌ಗಳ ಪ್ಯಾಲೆಟ್ ಎಲ್ಲ ಒಂದೇ ರ‍್ಯಾಪಿಂಗ್ ಯಂತ್ರಕ್ಕೆ ಹೋಗಬೇಕು ಅಂದರೆ ಟ್ರಾನ್ಸ್‌ಫರ್ ಕಾರ್ ಹಾಕುತ್ತಾರೆ. ಹಳಿಯ ಮೇಲೆ ಓಡುವ ಗಾಡಿ, ಅದರ ಮೇಲೆ ಒಂದು ತುಂಡು ರೋಲರ್ ಕನ್ವೇಯರ್. ಲೋಡ್ ತಿರುಗುವುದೇ ಇಲ್ಲ, ದಾರಿಯೇ ಅದರ ಹತ್ತಿರ ಬರುತ್ತದೆ. ಹಾಗಾಗಿ ತಳದ ತಕರಾರು ಇಲ್ಲ. ಇಲ್ಲಿ ಬೇಕಾಗಿರುವುದು ಎರಡು. ಗಾಡಿ ಲೈನ್‌ಗೆ ಎದುರಾಗಿ ಕೆಲವೇ ಮಿ.ಮೀ. ಒಳಗೆ ನಿಲ್ಲಬೇಕು. ಮತ್ತೆ ಲೋಡ್‌ನ ಒಂದು ತುದಿ ಗಾಡಿಯ ಮೇಲೆ, ಇನ್ನೊಂದು ತುದಿ ಲೈನ್ ಮೇಲೆ ಇರುವಾಗ ಗಾಡಿ ಯಾವ ಕಾರಣಕ್ಕೂ ಹೊರಡಬಾರದು. ಸಂದಿನಲ್ಲಿ ಅಡ್ಡ ಬೆಳಕು ಹಾಯಿಸುವ ಸೆನ್ಸರ್ ಇಟ್ಟು, ಅದು ಬಿಡುಗಡೆ ಆಗದೆ ಗಾಡಿಯ ಮೋಟಾರ್‌ಗೆ ಅನುಮತಿ ಇಲ್ಲ ಅಂತ ಕಟ್ಟಬೇಕು. ಗಾಡಿ ಓಡುವ ದಾರಿಗೆ ಬೇಲಿ, ಬಾಗಿಲಿಗೆ ಇಂಟರ್‌ಲಾಕ್ (ಬಾಗಿಲು ತೆರೆದರೆ ಗಾಡಿ ಓಡದಂತೆ ತಡೆಯುವ ಸ್ವಿಚ್). ಇದರಲ್ಲಿ ಒಂದು ರೂಪಾಯಿಯನ್ನೂ ಉಳಿಸಲು ಹೋಗಬೇಡಿ.

ಜಾಮ್ ಬಿಡಿಸುವಾಗ ಕೈ ಹೋಗುವುದು ಇದೇ ಟ್ರಾನ್ಸ್‌ಫರ್ ಸಂದುಗಳಿಗೆ. ಎಮರ್ಜೆನ್ಸಿ ಬಟನ್ ಒತ್ತಿದರೆ ಸಾಕು ಅಂತ ಬಹಳ ಜನ ಅಂದುಕೊಂಡಿದ್ದಾರೆ, ಸಾಲದು. ಮೋಟಾರ್ ನಿಂತಿರುತ್ತದೆ, ಸಿಲಿಂಡರ್ ಒಳಗೆ ಗಾಳಿ ಹಾಗೇ ಇರುತ್ತದೆ. ಬಾಕ್ಸ್ ಎಳೆದ ತಕ್ಷಣ ಅರ್ಧದಲ್ಲಿ ಸಿಕ್ಕಿದ್ದ ಬೆಲ್ಟ್ ಟಪ್ ಅಂತ ಪೂರ್ತಿ ಮೇಲೆ ಬರುತ್ತದೆ. ಪ್ಯಾಲೆಟ್ ಹೊತ್ತು ನಿಂತಿರುವ ಲಿಫ್ಟ್ ಆದರೆ ಗಾಳಿ ಬಿಟ್ಟ ಕೂಡಲೇ ಒಂದು ಟನ್ ಕೆಳಗೆ ಬರುತ್ತದೆ. ಹಾಗಾಗಿ ಮೊದಲು ಕರೆಂಟ್ ಲಾಕ್ ಮಾಡಿ, ಲಿಫ್ಟ್ ಕೆಳಗೆ ಗಟ್ಟಿ ಆಸರೆ ಕೊಟ್ಟು, ಆಮೇಲೆ ಗಾಳಿ ಬಿಟ್ಟು, ಗೇಜ್ ಸೊನ್ನೆಗೆ ಬಂದಿದ್ದನ್ನು ಕಣ್ಣಾರೆ ನೋಡಿ ಕೈ ಹಾಕಬೇಕು. 24 ವೋಲ್ಟ್ ಲೈನ್‌ನಲ್ಲಿ ಶಾಕ್ ಹೊಡೆಯುವುದಿಲ್ಲ ಅಂತ ಓಡುತ್ತಿರುವಾಗಲೇ ಬಾಕ್ಸ್ ಕೀಳುವವರಿದ್ದಾರೆ. ಬಾಕ್ಸ್ ಕಿತ್ತ ಕ್ಷಣ ಸೆನ್ಸರ್ ಖಾಲಿ ಅನ್ನುತ್ತದೆ, ಹಿಂದಿನ ಝೋನ್ ತನ್ನ ಬಾಕ್ಸನ್ನು ನೇರವಾಗಿ ಆ ಕೈಯ ಮೇಲೇ ಕಳಿಸುತ್ತದೆ. ಜಾಮ್ ಆದ ಝೋನ್ ಯಾರಾದರೂ ರಿಸೆಟ್ ಬಟನ್ ಒತ್ತುವವರೆಗೆ ತಾನಾಗಿ ಶುರುವಾಗದಂತೆ ಪ್ರೋಗ್ರಾಂನಲ್ಲೇ ಬರೆಯಿರಿ.

ಮತ್ತೆ, ಕೈಯಿಂದ ತೆಗೆದ ಬಾಕ್ಸನ್ನು ಅಲ್ಲೇ ಮುಂದಕ್ಕೆ ಇಟ್ಟುಬಿಡಬೇಡಿ. ಯಾವ ಬಾಕ್ಸ್ ಯಾವ ಲೈನ್‌ಗೆ ಅನ್ನುವ ಮಾಹಿತಿ ಪಿಎಲ್‌ಸಿಯಲ್ಲಿ ಸಾಲಾಗಿ ಓಡುತ್ತಿರುತ್ತದೆ. ಒಂದು ಬಾಕ್ಸ್ ಜಾಗ ಬದಲಾದರೆ ಅದರ ಹಿಂದೆ ಬರುವ ಎಲ್ಲವೂ ಒಂದೊಂದು ಲೈನ್ ತಪ್ಪಿ ಹೋಗುತ್ತವೆ. ತೆಗೆದ ಬಾಕ್ಸನ್ನು ಶುರುವಿನ ಸ್ಕ್ಯಾನರ್ ಹತ್ತಿರ ತಂದು ಮತ್ತೆ ಹಾಕಿ, ಆ ಝೋನ್‌ನ ಹಳೆಯ ಮಾಹಿತಿಯನ್ನು ಸ್ಕ್ರೀನ್‌ನಲ್ಲಿ ಅಳಿಸಿ, ಆಮೇಲೆ ರಿಸೆಟ್ ಒತ್ತಿ.